ಕೋವಿ ಹಿಡಿದವರೇ ಕೂಗಬೇಕು

ಮದುವೆಯಾಗಿ ಬಂದ ದಿನದಿಂದ ನಾನು ನಮ್ಮ ಮನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮಾಡುತ್ತಿದ್ದೆ. ಸಂಬಳವಿಲ್ಲ, ರಜೆಯಿಲ್ಲ. ಮಾವ ಮರಿಯಪ್ಪನವರು ಹಜಾರದ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನನ್ನ ಓರಗಿತ್ತಿ, ಅಂದರೆ ಮನೆಯ ಹಿರಿಯ ಸೊಸೆ ಅಕ್ಕಯ್ಯಮ್ಮ, ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಇಬ್ಬರ ನಡುವೆ ನಾಲ್ಕು ಹೆಜ್ಜೆ ದೂರವಿದ್ದರೆ ಹೆಚ್ಚು.

"ದಿವ್ಯಾ, ಮಾವಂಗೆ ಊಟಕ್ಕೆ ಏಳೋಕೆ ಹೇಳು" ಎಂದು ಅಕ್ಕ ಪಿಸುಗುಟ್ಟುತ್ತಿದ್ದಳು.

ನಾನು ಈ ಕಡೆ ತಿರುಗಿ, "ಮಾವ, ಊಟಕ್ಕೆ ಏಳ್ಬೇಕಂತೆ" ಅನ್ನುತ್ತಿದ್ದೆ. ಅಕ್ಕ ಹೇಳಿದ್ದೇ ಅವರಿಗೆ ಕೇಳಿಸಿರುತ್ತಿತ್ತು. ಆದರೂ ನನ್ನ ಬಾಯಿಂದ ಬರುವ ತನಕ ಏಳುತ್ತಿರಲಿಲ್ಲ. ತುತ್ತು ಬಾಯಿಗಿಟ್ಟು, "ಸಾರಿಗೆ ಉಪ್ಪು ಒಂದ್ ಚೂರು ಕಮ್ಮಿ ಅಂತ ಅವಳಿಗೆ ಹೇಳು" ಅನ್ನುತ್ತಿದ್ದರು. ಅವಳು ಅವರ ಬೆನ್ನ ಹಿಂದೆಯೇ ಉಪ್ಪಿನ ಡಬ್ಬಿ ಹಿಡಿದುಕೊಂಡು ನಿಂತಿರುತ್ತಿದ್ದಳು.

ಮಾವನ ಎದುರು ಸೊಸೆ ದನಿ ಎತ್ತಬಾರದು ಎನ್ನುವುದು ಶ್ರೀಗಂಧದ ಕಾವಲಿನ ಈ ಹಳೇ ಒಕ್ಕಲು ಮನೆಯ ಪದ್ಧತಿ. ನಾನು ಹುಟ್ಟಿ ಬೆಳೆದದ್ದು ಬಾಪೂಜಿ ನಗರದಲ್ಲಿ. ಅಲ್ಲಿ ಮನೆಗೆ ಮನೆ ಎಷ್ಟು ಅಂಟಿಕೊಂಡಿವೆ ಎಂದರೆ ನಮ್ಮಮ್ಮ ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರು ಸೀನುತ್ತಿದ್ದರು. ಕೂಗಿಕೊಂಡೇ ಮಾತಾಡಿ ಅಭ್ಯಾಸವಾದವಳು ನಾನು, ಸಾಲದ್ದಕ್ಕೆ ವಿಜಯನಗರದ ನರ್ಸರಿ ಶಾಲೆಯಲ್ಲಿ ಟೀಚರು. ಹೊಸದರಲ್ಲಿ ಸ್ವಲ್ಪ ದಿನ ಪಿಸುಗುಟ್ಟಿ ನೋಡಿದೆ, ಗಂಟಲು ಕಟ್ಟಿತು, ಬಿಟ್ಟುಬಿಟ್ಟೆ. ಕಿರಿ ಸೊಸೆ, ಪೇಟೆಯವಳು ಎಂದು ನನಗೆ ಮಾಫಿ ಸಿಕ್ಕಿತು. ಅಕ್ಕ ಮಾತ್ರ ಹಳ್ಳಿ ಇದ್ದಾಗ ಬಂದವಳು. ಹಳ್ಳಿ ಹೋಗಿ ಲೇಔಟ್ ಆಯಿತು, ಅವಳ ದನಿ ಇದ್ದಲ್ಲೇ ಇತ್ತು.

ಹಜಾರದ ಬೀರುವಿನಲ್ಲಿ ಒಂದು ಜೋಡು ನಳಿಗೆಯ ಕೋವಿ ಇತ್ತು. ಸುತ್ತ ರಾಗಿ ಹೊಲಗಳಿದ್ದ ಕಾಲದಲ್ಲಿ ಹಂದಿ ಕಾಟಕ್ಕೆಂದು ಮಾವ ಲೈಸೆನ್ಸ್ ಮಾಡಿಸಿದ್ದರು. ರಾತ್ರಿ ಹೊಲದಲ್ಲಿ ಅದನ್ನು ಹಿಡಿದು ಕಾಯುತ್ತಿದ್ದವರು ಅವರ ಹಿರಿಯ ಮಗ, ಅಕ್ಕನ ಗಂಡ ಗಂಗರಾಜು. ಆಮೇಲೆ ಹೊಲಗಳು ಸೈಟುಗಳಾದವು, ಹಂದಿಗಳು ಎತ್ತಲೋ ಹೋದವು. ಗಂಗರಾಜು ಭಾವನೂ ನಾನು ಈ ಮನೆಗೆ ಬರುವ ಮೊದಲೇ ಎದೆನೋವಿನಿಂದ ಹೋಗಿಬಿಟ್ಟರು. ಉಳಿದದ್ದು ಕೋವಿ. ಅದಕ್ಕೆ ವರ್ಷಕ್ಕೊಂದು ದಿನದ ಕೆಲಸ, ಆಯುಧಪೂಜೆಯಲ್ಲಿ ಕುಂಕುಮ ಇಡಿಸಿಕೊಳ್ಳುವುದು.

ಪೂಜೆಯ ಹಿಂದಿನ ದಿನ ಅಕ್ಕ ಅದನ್ನು ಬಿಚ್ಚಿ, ಗಂಡ ಕಲಿಸಿಕೊಟ್ಟ ಹಾಗೆ ನಳಿಗೆಯೊಳಗೆ ಬಟ್ಟೆ ಆಡಿಸಿ, ಎಣ್ಣೆ ಸವರಿ, ಥಳಥಳ ಮಾಡಿ ಇಡುತ್ತಿದ್ದಳು. ಪೂಜೆಯ ದಿನ ಮಾತ್ರ ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಗಂಡ ಸತ್ತವಳು ಎದುರಿಗೆ ಬರಬೇಡ ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಬಾ ಎಂದದ್ದನ್ನೂ ಕೇಳಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಮಾತ್ರ ತುಟಿ ಪಿಟಕ್ಕೆನ್ನದೆ ಒಳಗೆ ಕೂತು ಸಿಹಿಗುಂಬಳಕಾಯಿ ಹೆಚ್ಚುತ್ತಿದ್ದಳು.

ಒಂದು ದಿನ ಅವರೆಕಾಯಿ ಬಿಡಿಸುತ್ತಾ ನಾನು ಕೇಳಿದೆ, "ಅಕ್ಕ, ಭಾವ ಹೊಲ ಕಾಯೋಕೆ ಹೋದಾಗ ನೀನೂ ಹೋಗ್ತಿದ್ದಾ?"

"ಹ್ಞೂಂ, ಹೋಗ್ತಿದ್ದೆ. ಅಟ್ಟಣೆ ಮೇಲೆ ಇಬ್ರೂ ಕೂತ್ಕೊಳ್ತಿದ್ವಿ. ಅವರ ಕೈಲಿ ಕೋವಿ, ನನ್ ಕೈಲಿ ತಗಡಿನ ಡಬ್ಬ. ಅವರು ಗುಂಡು ಹಾರಿಸಿದ್ದೇ ಕಮ್ಮಿ ಕಣೆ. ನಾನು ಕೂಗಿದ್ರೆ ಸಾಕು, ಹಂದಿ ಎಲ್ಲ ಆ ಕಡೆ ಊರಿಗೆ ಹೋಗಿ ಬೀಳ್ತಿದ್ವು. ನಿನ್ನ ಗಂಟಲಿರೋವಾಗ ತೋಟಾ ಯಾಕೆ ದಂಡ ಅನ್ನೋರು."

ನನಗೆ ನಂಬಿಕೆಯೇ ಬರಲಿಲ್ಲ. "ನೀನು ಕೂಗ್ತಿದ್ದಾ?"

"ಹೊಲದಲ್ಲಿ ಮಾವ ಇರ್ತಿರ್ಲಿಲ್ವಲ್ಲ" ಎಂದು ಅವಳು ನಕ್ಕಳು.

ಎರಡು ಸಾವಿರದ ಆರನೆಯ ಇಸವಿಯ ಆಯುಧಪೂಜೆ ಮುಗಿದ ಮೇಲೆ ಕೋವಿಯ ಲೈಸೆನ್ಸಿನ ಮಾತು ಬಂತು. ಮಾವನಿಗೆ ಆಗಲೇ ಕೈ ನಡುಗಲು ಶುರುವಾಗಿತ್ತು, ಕಾಫಿ ಲೋಟವನ್ನೇ ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಅವರು ಖಡಾಖಂಡಿತವಾಗಿ ಹೇಳಿದರು.

"ಇನ್ನು ಈ ಕೋವಿ ನನ್ ಹೆಸರಲ್ಲಿ ಬೇಡ. ಹಿಡಿಯೋಕೆ ಬರೋರು ಮನೇಲಿ ಯಾರಾದ್ರೂ ಇದ್ರೆ ಅವರ ಹೆಸರಿಗೆ ಮಾಡ್ಸೋಣ. ಇಲ್ದಿದ್ರೆ ಸ್ಟೇಷನ್ನಿಗೆ ಒಪ್ಪಿಸಿಬಿಡ್ತೀನಿ. ಕುಂಕುಮ ಇಡೋದಕ್ಕೆ ಮನೆ ಮುಂದೆ ಗಾಡಿಗಳಿದಾವಲ್ಲ, ಸಾಕು."

ನನ್ನ ಗಂಡ ಅರುಣ್ ಕುಮಾರ್ ಎದೆ ಉಬ್ಬಿಸಿ, "ನಾನಿದೀನಲ್ಲಪ್ಪ!" ಎಂದ.

ನನ್ನ ಗಂಡನ ಬಗ್ಗೆ ಒಂದು ಮಾತು ಹೇಳಬೇಕು. ಮಾಗಡಿ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಚಿನ್ನದಂಥ ಮನಸ್ಸು, ಎಲ್ಲ ಸರಿ. ಆದರೆ ಅವನಿಗೆ ಆರು ತಿಂಗಳಿಗೊಂದು ಹುಚ್ಚು ಹಿಡಿಯುತ್ತದೆ. ಗಿಟಾರ್ ತಂದ, ಅದು ಅಟ್ಟ ಸೇರಿತು. ಮೀನಿನ ತೊಟ್ಟಿ ತಂದ, ಈಗ ಅದರಲ್ಲಿ ಈರುಳ್ಳಿ ಇದೆ. ಆ ಹೊತ್ತಿಗೆ ಸರಿಯಾಗಿ ಅವನು ಸ್ನೇಹಿತರ ಜೊತೆ ಸೇರಿ ಕೆಂಗೇರಿಯಾಚೆಯ ಒಂದು ಕ್ಲಬ್ಬಿನ ಮೆಂಬರ್ ಆಗಿದ್ದ. ಹಳೆಯ ಕಲ್ಲು ಕ್ವಾರಿಯೊಂದರಲ್ಲಿ ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಆಟ ಆಡಿಸುತ್ತಿದ್ದರಂತೆ. ಒಂದು ಬಾರಿಯೂ ಹೋಗಿ ಹೊಡೆದಿರಲಿಲ್ಲ. ಆಗಲೇ ಜೇಬುಗಳೇ ತುಂಬಿದ ಜಾಕೆಟ್ಟು, ಹಳದಿ ಗಾಜಿನ ಕನ್ನಡಕ, ಟೋಪಿ ಎಲ್ಲ ಬಂದಿದ್ದವು. ಭಾನುವಾರ ಅಲ್ಲಿ ಒಂದು ಬಿಲ್ಲೆಯನ್ನಾದರೂ ಹೊಡೆದು ತೋರಿಸಿದರೆ ಕೋವಿ ಅವನ ಹೆಸರಿಗೆ ಎಂದರು ಮಾವ.

"ಗುಂಡು ಹೊಡೆಯೋನು 'ಪುಲ್' ಅಂತ ಕೂಗ್ಬೇಕು. ಕೂಗಿದ್ರೆ ಯಂತ್ರ ಬಿಲ್ಲೆ ಎಸೆಯುತ್ತೆ" ಎಂದು ನನಗೆ ವಿವರಿಸಿದ. ಮಾರನೆಯ ಬೆಳಗಿನಿಂದ ಬಚ್ಚಲುಮನೆಯಲ್ಲಿ ಅಭ್ಯಾಸ ಶುರುವಾಯಿತು. 'ಪುಲ್! ಪುಲ್!' ಎಂದು ಅವನು ಅರಚುವುದನ್ನು ಕೇಳಿ, ಮಹಡಿ ಮೇಲೆ ಬಾಡಿಗೆಗಿದ್ದ ಗದಗದ ದಾನಮ್ಮ ಗಾಬರಿಯಿಂದ ಕಟಾಂಜನದ ಮೇಲೆ ಬಗ್ಗಿ, "ಯಾಕ್ರೀ ಅಕ್ಕಾರ, ಏನಾತ್ರೀ?" ಎಂದು ಕೇಳಿದಳು. ನಾನು ಏನೆಂದು ಹೇಳಲಿ?

ಅಕ್ಕ ಮಾತ್ರ ನಗಲಿಲ್ಲ. ಒಲೆಯ ಮುಂದೆ ಮುದ್ದೆ ತಿರುವುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ಅರುಣಂಗೆ ಒಂದಾದ್ರೂ ಬೀಳಲಿ ಅಂತ ದೇವರಲ್ಲಿ ಕೇಳ್ಕೋತಾ ಇದೀನಿ ಕಣೆ. ಮಗಳನ್ನ ಮಾಗಡಿಗೆ ಕೊಟ್ಟಾಯ್ತು. ಹೊಲ ಹೋಯ್ತು. ಆ ಕೋವಿನೂ ಹೋದ್ರೆ ನಿಮ್ ಭಾವನ ಕೈ ಮುಟ್ಟಿದ್ದು ಅಂತ ಈ ಮನೇಲಿ ಏನೂ ಉಳಿಯಲ್ಲ."

ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ನನಗೆ ತುಂಬಾ ಸಂಕಟವಾಯಿತು.

ಆ ಭಾನುವಾರ ಎಲ್ಲರೂ ಕ್ವಾಲಿಸ್ ಹತ್ತಿದೆವು. ಮುಂದಿನ ಸೀಟಿನಲ್ಲಿ ಮಾವ, ಮೊಣಕಾಲ ಮಧ್ಯೆ ಕೊಡೆ. ಹಿಂದೆ ನಾನು, ಅಕ್ಕ, ಚಿತ್ರಾನ್ನದ ಡಬ್ಬಿ, ಮತ್ತು ಚೀಲದಲ್ಲಿ ಸುತ್ತಿದ ಕೋವಿ. ತಿಂಡಿ ಕಟ್ಟಿಕೊಂಡು ಬರಲು ಯಾರಾದರೂ ಬೇಕಲ್ಲ, ಅದಕ್ಕೇ ಅಕ್ಕ ಹೊರಟದ್ದು. ದಾರಿಯುದ್ದಕ್ಕೂ ಕೋವಿಯ ಮೇಲೆ ಒಂದು ಕೈ ಇಟ್ಟುಕೊಂಡೇ ಕೂತಿದ್ದಳು.

ಕ್ಲಬ್ಬಿನ ಕೋಚ್ ಪುರುಷೋತ್ತಮ ಎನ್ನುವವರು. ಸೈನ್ಯದಲ್ಲಿದ್ದು ನಿವೃತ್ತರಾದವರು. ಹುರಿಮೀಸೆ, ಮೆದು ಮಾತು. ಅವರು ಮೊದಲು ನಮಗೆಲ್ಲ ಒಂದು ಬಿಲ್ಲೆ ಕೈಗೆ ಕೊಟ್ಟು ತೋರಿಸಿದರು. ಕಿತ್ತಳೆ ಬಣ್ಣ, ತಟ್ಟೆ ಇಡ್ಲಿಗಿಂತ ಚಿಕ್ಕದು, ಕೈ ಜಾರಿ ಬಿದ್ದರೆ ಒಡೆಯುವಂಥದು. ಮುಂದೆ ನೆಲದೊಳಗಿನ ಗುಂಡಿಯಲ್ಲಿ ಯಂತ್ರ ಕೂತಿತ್ತು. ನಿಲ್ಲುವ ಜಾಗದಲ್ಲಿ ಸಣ್ಣದೊಂದು ಮೈಕು.

"ಈ ಮೈಕಿಗೆ ನಿಮ್ ಕೂಗು ಕೇಳಿದ್ರೆ ಮಾತ್ರ ಬಿಲ್ಲೆ ಹಾರುತ್ತೆ. ಆಚೆ ರಸ್ತೇಲಿ ಟಿಪ್ಪರ್ ಲಾರಿಗಳ ಸದ್ದು ಜಾಸ್ತಿ, ಅದಕ್ಕೆ ಜೋರಾಗಿ ಕೂಗಿದ್ರೇನೇ ಕೇಳೋ ಹಾಗೆ ಇಟ್ಟಿದೀವಿ. ಯಾವ ಪದನಾದ್ರೂ ಕೂಗಿ, ಪರವಾಗಿಲ್ಲ" ಎಂದರು.

ಅರುಣ ನಮ್ಮ ಕೋವಿಯಲ್ಲೇ ಹೊಡೆಯುತ್ತೇನೆಂದು ಅದನ್ನು ಗತ್ತಿನಿಂದ ಮುಂದೆ ಚಾಚಿದ. ಪುರುಷೋತ್ತಮ ಅದನ್ನು ಮಡಿಚಿ, ನಳಿಗೆಗಳನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣಿನಿಂದ ನೋಡಿದರು. ಒಂದರಲ್ಲಿ ಬೆಳಕು ಕಂಡಿತು. ಇನ್ನೊಂದು ಕತ್ತಲು. ಉದ್ದನೆಯ ಕಡ್ಡಿ ತೂರಿಸಿ ತಳ್ಳಿದರೆ ಒಣಗಿದ ಚೆಂಡುಹೂವಿನ ಉಂಡೆಯೊಂದು, ಕುಂಕುಮ ಮೆತ್ತಿಕೊಂಡು, ಅರುಣನ ಹೊಸ ಶೂ ಮೇಲೆ ಬಿತ್ತು. ಆಯುಧಪೂಜೆಯ ದಿನ ಇವನು ಅಲಂಕಾರವೆಂದು ನಳಿಗೆಯ ಬಾಯಿಗೆ ಹೂದಾನಿಗೆ ಸಿಕ್ಕಿಸಿದ ಹಾಗೆ ಹೂವು ಸಿಕ್ಕಿಸಿದ್ದ. ತೆಗೆಯುವಾಗ ಒಂದು ಒಳಗೇ ಉಳಿದಿತ್ತು.

"ಹಿಂಗೇ ಹೊಡೆದಿದ್ರೆ ನಳಿಗೆ ಸೀಳ್ಕೊಂಡು ಮುಖಕ್ಕೆ ಬರ್ತಿತ್ತು ಸಾರ್" ಎಂದರು ಪುರುಷೋತ್ತಮ. ಅವರು ಮತ್ತೆ ನಳಿಗೆಯೊಳಗೆ ನೋಡಿ, "ಆದ್ರೆ ಇಷ್ಟು ಹಳೇ ಕೋವಿನ ಇಷ್ಟು ಚೆನ್ನಾಗಿಟ್ಟಿರೋದು ನಾನು ನೋಡಿಲ್ಲ. ಒಂದ್ ಚುಕ್ಕೆ ತುಕ್ಕಿಲ್ಲ. ಯಾರು ನೋಡ್ಕೊಳ್ಳೋದು?" ಎಂದು ಕೇಳಿದರು.

ಅಕ್ಕ ಚಿತ್ರಾನ್ನದ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಒತ್ತುತ್ತಿದ್ದಳು.

"ನಮ್ಮಕ್ಕ" ಎಂದೆ ನಾನು, ಜೋರಾಗಿಯೇ. ಮಾವ ಕ್ವಾರಿಯ ಕಡೆ ಮುಖ ತಿರುಗಿಸಿದರು.

ನಮ್ಮ ಕೋವಿಯನ್ನು ಬದಿಗಿಟ್ಟು ಕ್ಲಬ್ಬಿನ ಕೋವಿಯನ್ನೇ ಅರುಣನ ಕೈಗೆ ಕೊಟ್ಟರು. ಮಾವ ಕೊಡೆ ಬಿಚ್ಚಿಕೊಂಡು ಕುರ್ಚಿಯಲ್ಲಿ ತೀರ್ಪುಗಾರರ ಹಾಗೆ ಕೂತರು. ಅರುಣ "ಪುಲ್!" ಎಂದು ಅರಚಿದ. ಬಚ್ಚಲುಮನೆಯ ಸಾಧನೆ ಫಲ ಕೊಟ್ಟಿತು, ಬಿಲ್ಲೆ ಹಾರಿತು. ಗುಂಡೂ ಹಾರಿತು. ಬಿಲ್ಲೆ ತನ್ನ ಪಾಡಿಗೆ ತಾನು ಹೋಗಿ ಆಚೆಯ ಹುಲ್ಲಿನಲ್ಲಿ ಇಳಿಯಿತು. ಎರಡನೆಯದೂ ಹಾಗೇ. ಆಮೇಲೆ ಅವನು ಟೋಪಿ ತೆಗೆದ, ಕನ್ನಡಕ ಬದಲಾಯಿಸಿದ, ಬಿಸಿಲು ಕಣ್ಣಿಗೆ ಹೊಡೆಯುತ್ತೆ ಎಂದ, ಬಿಲ್ಲೆ ಸೊಟ್ಟಗಿದೆ ಎಂದ. ಪುರುಷೋತ್ತಮ ಪಾಪ ಪ್ರತಿ ಸಲವೂ "ಒಂದ್ ಕಣ್ಣು ಮುಚ್ಬೇಡಿ ಸಾರ್, ಎರಡೂ ಬಿಟ್ಟು ನೋಡಿ" ಎಂದು ಹೇಳುತ್ತಲೇ ಇದ್ದರು. ಕೊಟ್ಟ ತೋಟಾ ಎಲ್ಲ ಮುಗಿಯಿತು. ಒಂದು ಬಿಲ್ಲೆಗೂ ಗೀರು ಬೀಳಲಿಲ್ಲ. ಅರುಣ ಇಂಗು ತಿಂದ ಮಂಗನ ಹಾಗೆ ಬಂದು ನನ್ನ ಪಕ್ಕ ನಿಂತ.

ಮಾವ ಕೊಡೆ ಮಡಿಚಿದರು. "ಆಯ್ತು. ಶನಿವಾರ ಸ್ಟೇಷನ್ನಿಗೆ ಒಪ್ಪಿಸಿ ಬರೋಣ."

ನಾನು ಅಕ್ಕನ ಮುಖ ನೋಡಿದೆ. ಅವಳು ನಮ್ಮ ಕೋವಿಯನ್ನು ಚೀಲಕ್ಕೆ ಹಾಕುತ್ತಿದ್ದಳು, ಮಲಗಿದ ಮಗುವಿಗೆ ಹೊದಿಸುವ ಹಾಗೆ. ನನಗೆ ಮೂಗಿನ ಮೇಲೇ ಕೋಪ. ತಡೆಯಲಾಗಲಿಲ್ಲ.

"ಮಾವ, ಮನೇಲಿ ಹಿಡಿಯೋಕೆ ಬರೋರು ಅಂದ್ರಲ್ಲ, ಸೊಸೆಯಂದಿರು ಮನೆಯವರಲ್ವಾ?"

"ನೀನು ಹೊಡೀತೀಯಾ?"

"ನಾನಲ್ಲ. ಅಕ್ಕ."

ಅಕ್ಕ ಬೆಚ್ಚಿ ನನ್ನ ಸೆರಗು ಜಗ್ಗಿದಳು. ಮಾವ ಅವಳನ್ನೂ ಕೋವಿಯ ಚೀಲವನ್ನೂ ನೋಡಿದರು. ಅವರ ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಕೊಡೆಯನ್ನು ಮತ್ತೆ ಬಿಚ್ಚಿ, "ಹೊಡೀಲಿ ಅಂತ ಅವಳಿಗೆ ಹೇಳು" ಎಂದರು.

ಅಕ್ಕ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಚಪ್ಪಲಿ ಬಿಟ್ಟು ಮುಂದೆ ಹೋದಳು. ಬರಿಗಾಲಲ್ಲಿ ನಿಲ್ಲುವಂತಿಲ್ಲ, ಬಿಸಿ ತೋಟಾ ಕಾಲ ಮೇಲೆ ಬೀಳುತ್ತೆ ಎಂದರು ಪುರುಷೋತ್ತಮ. ಪೂಜೆ ಮಾಡುವ ವಸ್ತುವನ್ನು ಚಪ್ಪಲಿ ಕಾಲಲ್ಲಿ ಹಿಡಿಯುವುದು ಹೇಗೆ ಎಂದು ಅವಳಿಗೆ ಸಂಕೋಚ. ಇದು ಚರ್ಮದ್ದಲ್ಲ, ಬಟ್ಟೆಯದು ಎಂದು ನಾನು ನನ್ನ ಕ್ಯಾನ್ವಾಸ್ ಶೂ ಬಿಚ್ಚಿ ತೊಡಿಸಿದೆ. ಅವಳು ಕ್ಲಬ್ಬಿನ ಕೋವಿಯನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡು ಭುಜಕ್ಕೆ ಏರಿಸಿದಳು. ಕೆನ್ನೆ ಎಲ್ಲಿ ಒರಗಿಸಬೇಕು, ಪಾದ ಹೇಗೆ ಇಡಬೇಕು ಎಂದು ಪುರುಷೋತ್ತಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಹೊಸಬರಿಗೆ ಐದು ಬಿಲ್ಲೆ, ಅದರಲ್ಲಿ ಒಂದಾದರೂ ಒಡೆಯಬೇಕು.

"ಸರಿ ಅಮ್ಮ, ಈಗ ಕೂಗಿ."

ಅಕ್ಕನ ತುಟಿ ಅಲ್ಲಾಡಿತು. ಬಿಲ್ಲೆ ಹಾರಲಿಲ್ಲ.

"ಜೋರಾಗಿ ಅಮ್ಮ."

ಮತ್ತೆ ತುಟಿ ಅಲ್ಲಾಡಿತು. ಪಕ್ಕದಲ್ಲೇ ನಿಂತಿದ್ದ ಪುರುಷೋತ್ತಮರಿಗೇ ಕೇಳಿಸಿತೋ ಇಲ್ಲವೋ. ಅಷ್ಟರಲ್ಲಿ ಹಿಂದಿನಿಂದ ಮಾವ ಕೆಮ್ಮಿದರು, ಸುಮ್ಮನೆ, ಗಂಟಲು ಸರಿಮಾಡಿಕೊಳ್ಳಲು. ಅಕ್ಕನ ತಲೆ ತಾನಾಗಿ ತಗ್ಗಿತು. ಆಗ ನನಗೆ ಅರ್ಥವಾಯಿತು. ಕೋವಿ ಹಿಡಿಯುವುದಕ್ಕೆ ಅವಳಿಗೆ ಭಯವಿಲ್ಲ. ತೀರ್ಪು ಹೇಳಲು ಮಾವ ಅಲ್ಲಿರಲೇಬೇಕು, ಮಾವ ಅಲ್ಲಿದ್ದರೆ ಅವಳ ದನಿ ಏಳುವುದಿಲ್ಲ.

"ಮಾವ, ಅಲ್ಲಿ ಟೀ ಕೊಡ್ತಿದಾರಂತೆ, ಹೋಗಿ ಕುಡ್ಕೊಂಡ್ ಬರ್ತೀರಾ?" ಎಂದು ನೋಡಿದೆ.

"ನಾನು ನೋಡ್ಬೇಡ್ವಾ? ಟೀ ಎಲ್ಲಿಗೆ ಓಡಿಹೋಗುತ್ತೆ?" ಎಂದರು. ಅದೂ ನಿಜವೇ.

ಅಕ್ಕ ಮೂರನೆಯ ಸಲ ಬಾಯಿ ತೆರೆದಳು. ನನಗೆ ತಡೆಯಲಾಗಲಿಲ್ಲ. ವರ್ಷಗಳಿಂದ ಅವಳ ಮಾತನ್ನು ಹೊತ್ತು ಅಭ್ಯಾಸವಾದವಳು, ಹಿಂದಿನಿಂದಲೇ "ಪುಲ್!" ಎಂದು ಕಿರುಚಿದೆ. ಮೈಕಿಗೆ ಕೇಳಿತು. ಕೋವಿ ಇನ್ನೂ ಕೆಳಗಿದ್ದಾಗಲೇ ಬಿಲ್ಲೆ ಹಾರಿ ಹೋಯಿತು.

"ಮೇಡಂ!" ಪುರುಷೋತ್ತಮರ ಮೆದು ಮಾತು ಎಲ್ಲಿ ಹೋಯಿತೋ. "ನೀವು ಕೂಗಂಗಿಲ್ಲ. ಕೋವಿ ಹಿಡಿದವರೇ ಕೂಗ್ಬೇಕು. ಅವರು ಯಾವಾಗ ರೆಡಿ ಅಂತ ನಿಮಗೇನು ಗೊತ್ತು? ಒಂದು ಬಿಲ್ಲೆ ದಂಡ ಆಯ್ತು ನೋಡಿ."

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಅಕ್ಕ ಕೋವಿಯನ್ನು ಮಡಿಚಿ ನನ್ನ ಕಡೆ ತಿರುಗಿ, "ಬೇಡ ಬಿಡು ದಿವ್ಯಾ. ನನ್ ಕೈಲಾಗಲ್ಲ ಅಂತ ಮಾವಂಗೆ ಹೇಳು" ಎಂದಳು.

ನಾನು ಹತ್ತಿರ ಹೋದೆ. ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದಿದ್ದವು.

"ಹೇಳಲ್ಲ ಅಕ್ಕ. ಇನ್ಮೇಲೆ ಆ ಕಡೆ ಮಾತು ಈ ಕಡೆಗೆ, ಈ ಕಡೆ ಮಾತು ಆ ಕಡೆಗೆ ನಾನು ಸಾಗಿಸಲ್ಲ. ನೀನೇ ಹೇಳ್ಕೋ. ಹಂದಿ ಬಂದಿದೆ ಹೊಲಕ್ಕೆ. ಭಾವ ಇಲ್ಲ. ಏನ್ ಮಾಡ್ತೀಯೋ ಮಾಡು."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ವಾಪಸ್ಸು ಹೋಗಿ ನಿಂತಳು. ಕೋವಿ ಭುಜಕ್ಕೇರಿತು. ಕ್ವಾರಿಯೊಳಗೆ ಗಾಳಿಯೂ ಇರಲಿಲ್ಲ. ಅವಳ ಬೆನ್ನು ಒಮ್ಮೆ ಮೇಲೆದ್ದು ಇಳಿಯಿತು.

"ಹೋ... ಹೊಹೊಹೋಯ್!"

ನನ್ನ ಜನ್ಮದಲ್ಲಿ ಅಂಥ ಕೂಗು ಕೇಳಿಲ್ಲ. ಹೊಟ್ಟೆಯ ಆಳದಿಂದ ಎದ್ದು, ಕ್ವಾರಿಯ ಗೋಡೆಗೆ ಬಡಿದು ವಾಪಸ್ಸು ಬಂತು. ಮೇಲಿನ ಪೊದೆಗಳಿಂದ ಗೊರವಂಕಗಳು ಗುಂಪಾಗಿ ಹಾರಿದವು. ಗೇಟಿನ ಕಾವಲುಗಾರ ಎದ್ದು ನಿಂತ. ಬಾಪೂಜಿ ನಗರದವಳು ಎಂದು ಬೀಗುತ್ತಿದ್ದ ನಾನು ಬಾಯಿ ಮುಚ್ಚಿಕೊಂಡೆ. ಬಿಲ್ಲೆ ಹಾರಿ, ತಿರುಗಿ, ಹುಲ್ಲಿನಲ್ಲಿ ಇಳಿಯಿತು. ಅಕ್ಕ ಗುಂಡು ಹೊಡೆಯಲೇ ಇಲ್ಲ. ತನ್ನ ದನಿಗೆ ತಾನೇ ಹೆದರಿ, ಕೋವಿಯನ್ನು ಕೆಳಗಿಳಿಸಿ ಮಾವನ ಕಡೆ ತಿರುಗಿದ್ದಳು.

ಮಾವ ಅರ್ಧ ಎದ್ದಿದ್ದರು. ಕೊಡೆ ನೆಲಕ್ಕೆ ಬಿದ್ದಿತ್ತು. ಅವರು ಬೈಯಲಿಲ್ಲ. ಹಾಗೇ ಮತ್ತೆ ಕೂತರು. ಬಿದ್ದ ಕೊಡೆಯನ್ನು ಎತ್ತಿಕೊಳ್ಳಲಿಲ್ಲ.

"ಕೂಗು ಬಂತಮ್ಮ" ಎಂದರು ಪುರುಷೋತ್ತಮ, ಕಿವಿ ಉಜ್ಜಿಕೊಳ್ಳುತ್ತಾ. "ಇನ್ನು ಗುಂಡು ಬರಲಿ."

ಮತ್ತೆ ಆ ಕೂಗು. ಈ ಸಲ ಗುಂಡೂ ಹಾರಿತು, ಬಿಲ್ಲೆ ಉಳಿಯಿತು. "ಗುಂಡು ಬಿಲ್ಲೆ ಹಿಂದೆ ಹೋಯ್ತು. ಅದರ ಜೊತೆಗೇ ಕೋವಿ ತಿರುಗಿಸ್ಕೊಂಡು ಹೋಗಿ, ಒಂದ್ ಚೂರು ಮುಂದೆ ಹೊಡೀರಿ" ಎಂದರು. ನಾಲ್ಕನೆಯದಕ್ಕೆ ಅವಳು ಹಾಗೇ ಮಾಡಿದಳು, ಆದರೆ ಹೊಡೆಯುವ ಹೊತ್ತಿಗೆ ಸರಿಯಾಗಿ ತಿರುಗುತ್ತಿದ್ದ ಕೋವಿಯನ್ನು ನಿಲ್ಲಿಸಿಬಿಟ್ಟಳು. ಅದೂ ತಪ್ಪಿತು. ಉಳಿದದ್ದು ಒಂದೇ. ಅರುಣ ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದ. "ಅತ್ತಿಗೆ, ಹೊಡೀರಿ ಅತ್ತಿಗೆ" ಎಂದು ಜಪ ಮಾಡುತ್ತಿದ್ದ. ಹೊಟ್ಟೆಕಿಚ್ಚು ಎನ್ನುವುದು ಅವನ ಜಾತಕದಲ್ಲೇ ಇಲ್ಲ, ಅದಕ್ಕೇ ಅವನ ಹುಚ್ಚುಗಳನ್ನೆಲ್ಲ ನಾನು ಸಹಿಸಿಕೊಂಡಿರುವುದು.

"ಅಕ್ಕಯ್ಯಮ್ಮ."

ಕರೆದವರು ಮಾವ. ನಾನು ಅವರ ಬಾಯಲ್ಲಿ ಆ ಹೆಸರನ್ನು ಕೇಳಿದ್ದು ಅದೇ ಮೊದಲು. 'ಅವಳು', 'ದೊಡ್ಡವಳು', ಅಷ್ಟೇ ಅಲ್ಲಿಯವರೆಗೆ.

"ಗಂಗರಾಜು ಕೋವಿ ಎತ್ತಿದ್ರೆ, ಗುಂಡು ಹಾರಿದ್ ಮೇಲೂ ಕೈ ನಿಲ್ಲಿಸ್ತಿರ್ಲಿಲ್ಲ. ನೀನೂ ನಿಲ್ಲಿಸ್ಬೇಡ."

ಅಭ್ಯಾಸಬಲದಿಂದ ನಾನು ಅದನ್ನು ಅವಳಿಗೆ ತಿರುಗಿಸಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, "ಹ್ಞೂಂ ಮಾವ" ಎಂದಳು.

ಕೊನೆಯ ಕೂಗು ಮೊದಲಿನ ಎಲ್ಲಕ್ಕಿಂತ ದೊಡ್ಡದಿತ್ತು. ಬಿಲ್ಲೆ ಎಡಕ್ಕೆ ಹಾರಿತು. ಕೋವಿ ಅದರ ಜೊತೆ ಜೊತೆಗೇ ಹೋಯಿತು, ಸ್ವಲ್ಪ ಮುಂದೆ ಹೋಯಿತು, ಸದ್ದಾದ ಮೇಲೂ ಹೋಗುತ್ತಲೇ ಇತ್ತು. ಬಿಲ್ಲೆ ಇದ್ದ ಜಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ಮಾತ್ರ ಇತ್ತು. ಅದು ನಿಧಾನವಾಗಿ ಕೆಳಗಿಳಿಯಿತು.

ಅರುಣ ಶಿಳ್ಳೆ ಹೊಡೆದ. ನಾನು ಅತ್ತುಬಿಟ್ಟೆ, ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಪುರುಷೋತ್ತಮ ಅಕ್ಕನಿಗೆ ನೆಟ್ಟಗೆ ನಿಂತು ಒಂದು ಸೆಲ್ಯೂಟ್ ಹೊಡೆದರು. ಅವಳು ಮಾತ್ರ ಪುಡಿ ಬಿದ್ದ ಕಡೆಯನ್ನೇ ನೋಡುತ್ತಾ ನಿಂತಿದ್ದಳು. ಅವಳ ಮುಖದಲ್ಲಿ ಆಗ ಇದ್ದ ಕಳೆಯನ್ನು ನಾನು ಇಂದಿಗೂ ಮರೆತಿಲ್ಲ. ಆ ನಲವತ್ತೈದರ ಹೆಂಗಸು ಅಟ್ಟಣೆಯ ಮೇಲೆ ಗಂಡನ ಪಕ್ಕ ಹೇಗೆ ಕೂತಿದ್ದಿರಬೇಕು ಎಂದು ನನಗೆ ಕಂಡಂತಾಯಿತು.

ವಾಪಸ್ಸು ಬರುವಾಗ ಕೆಂಗೇರಿ ದಾಟಿದೆವು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಮಾವ ಮುಂದಿನ ಗಾಜಿನ ಕಡೆಯೇ ನೋಡುತ್ತಾ ಹೇಳಿದರು.

"ಆಗೆಲ್ಲ ರಾತ್ರಿ ಮನೇಲಿ ಮಲಗಿದ್ರೆ ಹೊಲದಿಂದ ಈ ಕೂಗು ಕೇಳ್ತಿತ್ತು. ಕೇಳಿದ್ ಮೇಲೆ ನಂಗೆ ನಿದ್ದೆ ಬರ್ತಿತ್ತು. ಮಗ ಸೊಸೆ ಎದ್ದಿದಾರೆ, ಹೊಲ ಕಾಯ್ತಿದಾರೆ ಅಂತ." ಸಿಗ್ನಲ್ ಬಿಟ್ಟಿತು. "ಗಂಗರಾಜು ಹೋದ್ ಮೇಲೆ ಆ ಕೂಗು ಕೇಳಿರ್ಲಿಲ್ಲ."

ಅಕ್ಕ ಹಿಂದಿನ ಸೀಟಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶನಿವಾರ ಯಾರೂ ಕೋವಿ ಒಪ್ಪಿಸಲು ಹೋಗಲಿಲ್ಲ. ಮಾವ ನಡುಗುವ ಕೈಯಲ್ಲೇ ರುಜು ಹಾಕಿ, ಕಚೇರಿಯಿಂದ ಕಚೇರಿಗೆ ಅಲೆದು, ಕೋವಿಯನ್ನು ಹಿರಿಯ ಸೊಸೆಯ ಹೆಸರಿಗೆ ಮಾಡಿಸಿದರು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಅರುಣನ ಜಾಕೆಟ್ಟಿನ ಗುಂಡಿಗಳನ್ನು ಅಕ್ಕನ ಅಳತೆಗೆ ಬದಲಾಯಿಸಿ ಹೊಲಿದಾಗಿತ್ತು. ಭಾನುವಾರ ಸಿಕ್ಕಿದರೆ ಅತ್ತಿಗೆ ಮೈದುನ ಕ್ವಾರಿಗೆ ಹೊರಡುತ್ತಿದ್ದರು. ಅವನಿಗೆ ಈಗಲೂ ಬೀಳುವುದಿಲ್ಲ. ಆದರೆ ಈ ಹುಚ್ಚು ಮಾತ್ರ ಅಟ್ಟ ಸೇರಲಿಲ್ಲ.

ಆದರೂ ಮನೆಯೊಳಗೆ ಅಕ್ಕನ ದನಿ ಮೊದಲಿನ ಹಾಗೇ ಇತ್ತು. ಕ್ವಾರಿಯಲ್ಲ ಅದು, ಮನೆ. ನನ್ನ ಶಪಥ ಎರಡು ದಿನವೂ ನಿಲ್ಲಲಿಲ್ಲ, ಎಕ್ಸ್‌ಚೇಂಜ್ ನಡೆದೇ ಇತ್ತು.

ಮುಂದಿನ ವರ್ಷದ ಆಯುಧಪೂಜೆ ಬಂತು. ಕ್ವಾಲಿಸ್ಸಿಗೆ, ನನ್ನ ಸ್ಕೂಟಿಗೆ ಹಾರ ಹಾಕಿ, ಹಜಾರದಲ್ಲಿ ಮಣೆಯ ಮೇಲೆ ಕೋವಿಯನ್ನು ಇಟ್ಟೆವು. ನಳಿಗೆಯ ಬಾಯಿಗೆ ಹೂವು ಸಿಕ್ಕಿಸಲು ಅರುಣನಿಗೆ ಧೈರ್ಯವಿರಲಿಲ್ಲ. ಪ್ರತಿ ವರ್ಷ ಕೋವಿಗೆ ಕುಂಕುಮ ಇಡುವವರು ಮಾವ. ಅವರು ಕುಂಕುಮದ ಬಟ್ಟಲನ್ನು ಕೈಗೆತ್ತಿಕೊಂಡವರು ಹಾಗೇ ಕೆಳಗಿಟ್ಟರು. ಅಡುಗೆಮನೆಯ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಕೋವಿ ಯಾರದೋ ಅವರೇ ಬಂದು ಪೂಜೆ ಮಾಡ್ಲಿ" ಎಂದರು.

ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚುವ ಸದ್ದು ನಿಂತಿತು. ಗಂಡ ಸತ್ತ ಮೇಲೆ ಪೂಜೆಯ ದಿನ ಅವಳು ಆ ಹೊಸಿಲು ದಾಟಿರಲಿಲ್ಲ. ನಾನು ಹೇಳಲು ಆ ಕಡೆ ತಿರುಗಿದೆ.

"ಬಂದೇ ಮಾವಾ!"

ಗೋಡೆಯ ಮೇಲಿನ ಕ್ಯಾಲೆಂಡರ್ ಅಲ್ಲಾಡಿತೋ ಏನೋ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಮಹಡಿಯ ಬಾಗಿಲು ದಢಾರನೆ ತೆರೆಯಿತು, ದಾನಮ್ಮ ಕಟಾಂಜನದ ಮೇಲೆ ಬಗ್ಗಿದಳು.

"ಯಾಕ್ರೀ ಅಕ್ಕಾರ, ಏನಾತ್ರೀ?"

"ಏನಿಲ್ಲ ದಾನಮ್ಮ" ಎಂದೆ. "ನಮ್ಮಕ್ಕ ಬರ್ತಾ ಇದಾಳೆ."